ಉತ್ತರಕುಮಾರನೂ ಹೇಳದ ಸುಳ್ಳು

ಎನ್ರಿಕ್ ಮಾರ್ಕೊ ಹುಟ್ಟಿದ್ದು 1921ರ ಏಪ್ರಿಲ್ 12ರಂದು, ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ. ಕೇಳಿದವರಿಗೆ ಆತ ಹೇಳುತ್ತಿದ್ದದ್ದು ಮಾತ್ರ ಏಪ್ರಿಲ್ 14. ಎರಡೇ ಎರಡು ದಿನದ ಸುಳ್ಳು. ನಮ್ಮ ಹಳ್ಳಿ ಶಾಲೆಗಳಲ್ಲಿ ಮೇಷ್ಟ್ರು ಜೂನ್ 1 ಎಂದು ಗೀಚಿ ಅರ್ಧ ಊರಿಗೆ ಒಂದೇ ಹುಟ್ಟುಹಬ್ಬ ಮಾಡಿಟ್ಟದ್ದು ನಮಗೆಲ್ಲ ಗೊತ್ತು. ಅದು ಅನುಕೂಲಕ್ಕೆ ಬರೆದ ಸುಳ್ಳು. ಎರಡು ದಿನ ಆಚೀಚೆ ಮಾಡಿಕೊಂಡರೆ ಯಾರಿಗೇನು ಲಾಭ?

ಲಾಭವಿತ್ತು. 1931ರ ಏಪ್ರಿಲ್ 14 ಸ್ಪೇನಿನಲ್ಲಿ ರಾಜಪ್ರಭುತ್ವ ಹೋಗಿ ಎರಡನೇ ಗಣರಾಜ್ಯ ಘೋಷಣೆಯಾದ ದಿನ. ಅಂದೇ ತನಗೆ ಸರಿಯಾಗಿ ಹತ್ತು ವರ್ಷ ತುಂಬಿತ್ತು ಎಂದರೆ, ದೇಶದ ಚರಿತ್ರೆಯೂ ತಾನೂ ಜೊತೆಜೊತೆಗೆ ಬೆಳೆದವರು ಎಂದು ಕೇಳುವವರಿಗೆ ಅನ್ನಿಸುತ್ತದೆ. ಮಾರ್ಕೊ ಮುಂದೆ ಕಟ್ಟಿದ ದೊಡ್ಡ ಸುಳ್ಳಿನ ವರಸೆಯೆಲ್ಲ ಈ ಪುಟ್ಟ ಸುಳ್ಳಿನಲ್ಲೇ ಇದೆ. ಚರಿತ್ರೆಯ ದೊಡ್ಡ ಗಳಿಗೆ ಎಲ್ಲಿದೆಯೋ ಅಲ್ಲಿಗೆ ತನ್ನನ್ನು ಒಂದೆರಡು ಹೆಜ್ಜೆ ಸರಿಸಿಕೊಂಡು ನಿಲ್ಲುವುದು.

2005ರ ಜನವರಿ 27. ಆಶ್ವಿಟ್ಜ್ ಶಿಬಿರ ಬಿಡುಗಡೆಯಾಗಿ ಅಂದಿಗೆ 60 ವರ್ಷ. ಮ್ಯಾಡ್ರಿಡ್‌ನ ಸಂಸತ್ ಭವನದಲ್ಲಿ ನಾಜಿ ಶಿಬಿರಗಳಲ್ಲಿ ಸತ್ತವರ ನೆನಪಿನ ಸಭೆ. ಶಿಬಿರ ಕಂಡುಬಂದ ಸ್ಪೇನಿಗರ ಪರವಾಗಿ ಮಾತಾಡಲು ಎದ್ದವನು 83 ವರ್ಷದ ಮಾರ್ಕೊ. ದಪ್ಪ ಮೀಸೆ, ನೆಟ್ಟಗಿನ ನಿಲುವು, ಗಟ್ಟಿ ದನಿ. ದನಗಳನ್ನು ಸಾಗಿಸುವ ಗಬ್ಬು ರೈಲುಗಳಲ್ಲಿ ತಮ್ಮನ್ನು ತಂದದ್ದು, ಇಳಿದೊಡನೆ ಬತ್ತಲೆ ನಿಲ್ಲಿಸಿದ್ದು, ನಾಯಿಗಳು ಕಚ್ಚಿದ್ದು, ಕಣ್ಣು ಕೋರೈಸುವ ದೀಪಗಳನ್ನು ಮುಖಕ್ಕೆ ಹಿಡಿದದ್ದು ಎಲ್ಲವನ್ನೂ ಹೇಳಿದ. ಕೆಲವು ಸಂಸದರು ಕಣ್ಣೊರೆಸಿಕೊಂಡರು. ಆ ಹೊತ್ತಿಗೆ ಆತ ಶಿಬಿರವಾಸಿಗಳ ಮತ್ತು ಅವರ ಕುಟುಂಬಗಳ ಸಂಘವಾದ 'ಅಮಿಕಾಲ್ ದೆ ಮೌಟ್‌ಹೌಸೆನ್'ನ ಅಧ್ಯಕ್ಷ. ಕ್ಯಾಟಲೋನಿಯಾ ಸರ್ಕಾರ 2001ರಲ್ಲೇ ತನ್ನ ದೊಡ್ಡ ಗೌರವಗಳಲ್ಲೊಂದಾದ 'ಸಂತ ಜಾರ್ಜ್ ಶಿಲುಬೆ' ಪದಕವನ್ನು ಆತನಿಗೆ ಕೊಟ್ಟಿತ್ತು. ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳಿಗೆ ಫ್ಲೋಸೆನ್‌ಬ್ಯುರ್ಗ್ ಶಿಬಿರದಲ್ಲಿನ ತನ್ನ ಸೆರೆವಾಸದ ಕಥೆ ಹೇಳುವುದು ಆತನ ನಿತ್ಯದ ಕೆಲಸವಾಗಿತ್ತು.

ನಾಲ್ಕು ತಿಂಗಳು ಕಳೆಯುವುದರೊಳಗೆ ಎಲ್ಲ ಕುಸಿಯಿತು. ಮೇ ತಿಂಗಳಲ್ಲಿ ಆಸ್ಟ್ರಿಯಾದ ಮೌಟ್‌ಹೌಸೆನ್‌ನಲ್ಲಿ ಆ ಶಿಬಿರದ ಬಿಡುಗಡೆಯ 60ನೇ ವರ್ಷಾಚರಣೆ ಇತ್ತು. ಸ್ಪೇನಿನ ಪ್ರಧಾನಿ ಝಪಟೆರೊ ಬರುವವರಿದ್ದರು. ಆಚರಣೆಗೆಂದು ಬಂದಿದ್ದ ಮಾರ್ಕೊನನ್ನು ಸಂಘದವರೇ ಸದ್ದಿಲ್ಲದೆ ಊರಿಗೆ ವಾಪಸು ಕಳಿಸಿದರು. ಕೆಲವೇ ದಿನಗಳಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಬಂತು. ಎನ್ರಿಕ್ ಮಾರ್ಕೊ ಫ್ಲೋಸೆನ್‌ಬ್ಯುರ್ಗ್ ಶಿಬಿರದ ಕೈದಿಯಾಗಿರಲೇ ಇಲ್ಲ. ಯಾವ ಶಿಬಿರದ ಕೈದಿಯೂ ಆಗಿರಲಿಲ್ಲ.

ಹಾಗಾದರೆ ಯುದ್ಧದ ಕಾಲದಲ್ಲಿ ಆತ ಎಲ್ಲಿದ್ದ? ಜರ್ಮನಿಯಲ್ಲೇ ಇದ್ದ, ಆದರೆ ಸಂಬಳಕ್ಕೆ. ಸ್ಪೇನಿನ ಅಂತರ್ಯುದ್ಧದಲ್ಲಿ ಹಿಟ್ಲರ್ ಮಾಡಿದ ಸಹಾಯದ ಋಣ ಆ ಯುದ್ಧ ಗೆದ್ದ ಸರ್ವಾಧಿಕಾರಿ ಫ್ರಾಂಕೊ ಮೇಲಿತ್ತು. 1941ರಲ್ಲಿ ಎರಡೂ ಸರ್ಕಾರಗಳು ಒಪ್ಪಂದ ಮಾಡಿಕೊಂಡು ಸ್ಪೇನಿನ ಕೆಲಸಗಾರರನ್ನು ಜರ್ಮನಿಯ ಕಾರ್ಖಾನೆಗಳಿಗೆ ಕಳಿಸತೊಡಗಿದವು. ಇಪ್ಪತ್ತು ವರ್ಷದ ಮೆಕ್ಯಾನಿಕ್ ಮಾರ್ಕೊ ಹಾಗೆ ತಾನಾಗಿ ಹೆಸರು ಕೊಟ್ಟು ಹೋದವರಲ್ಲೊಬ್ಬ. ಹೋದರೆ ಕೂಲಿಯೂ ಸಿಗುತ್ತಿತ್ತು, ಕಡ್ಡಾಯ ಸೈನ್ಯಸೇವೆಯೂ ತಪ್ಪುತ್ತಿತ್ತು. ಉತ್ತರ ಜರ್ಮನಿಯ ಕೀಲ್ ಬಂದರಿನ ಹಡಗು ಕಟ್ಟೆಯಲ್ಲಿ ಕೆಲಸ. 1942ರ ಮಾರ್ಚಿನಲ್ಲಿ ಏನೋ ಬಾಯಿಬಿಟ್ಟು ಮಾತಾಡಿದ್ದಕ್ಕೆ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಹಿಡಿದು ಒಳಗೆ ಹಾಕಿತು. ಕೆಲವು ತಿಂಗಳು ಕೀಲ್ ಊರಿನ ಜೈಲಿನಲ್ಲಿದ್ದು ಹೊರಬಂದ. 1943ರಲ್ಲಿ ಬಾರ್ಸಿಲೋನಾಕ್ಕೆ ಮರಳಿ, ಫ್ರಾಂಕೊ ಸತ್ತ 1975ರವರೆಗೆ ಎಲ್ಲರಂತೆ ಬಾಯಿ ಮುಚ್ಚಿಕೊಂಡು ಗ್ಯಾರೇಜು, ಸಂಸಾರ ಎಂದು ಬದುಕಿದ.

ಈ ಬದುಕನ್ನು ಪಕ್ಕಕ್ಕಿಟ್ಟು ಆತ ಹೇಳಿದ ಕಥೆಯನ್ನು ನೋಡಿ. ಫ್ರಾನ್ಸಿಗೆ ತಪ್ಪಿಸಿಕೊಂಡು ಹೋಗಿ, ಅಲ್ಲಿ ಸಿಕ್ಕಿಬಿದ್ದು, ಗೆಸ್ಟಾಪೊ ಕೈ ಸೇರಿ, ಕೀಲ್ ಜೈಲು ದಾಟಿ ಫ್ಲೋಸೆನ್‌ಬ್ಯುರ್ಗ್ ತಲುಪಿ, 1945ರಲ್ಲಿ ಅಮೆರಿಕದ ಸೈನಿಕರು ಬಂದಾಗ ಬಿಡುಗಡೆಯಾದೆ ಎಂಬುದು ಆತನ ಕಥೆ. ಕೀಲ್ ನಿಜ, ಗೆಸ್ಟಾಪೊ ನಿಜ, ಜೈಲೂ ನಿಜ. ಹಾಲಿಗೆ ನೀರು ಬೆರೆಸುವವನು ಬರೀ ನೀರನ್ನು ಮಾರುವುದಿಲ್ಲ. ಯಾರಾದರೂ ಕೀಲ್ ಬಗ್ಗೆ ಕೆದಕಿದರೆ ಮಾರ್ಕೊ ತಡವರಿಸಬೇಕಾಗಿರಲಿಲ್ಲ, ಆ ಬಂದರಿನ ಚಳಿಯನ್ನು ಆತ ಉಂಡವನೇ.

ಎರಡನೆಯ ಜಾಣತನ ಶಿಬಿರದ ಆಯ್ಕೆಯಲ್ಲಿತ್ತು. ಇದು ಅರ್ಥವಾಗಬೇಕಾದರೆ ಸ್ಪೇನಿನ ಕೈದಿಗಳ ನಿಜವಾದ ಕಥೆ ಗೊತ್ತಿರಬೇಕು. 1939ರಲ್ಲಿ ಅಂತರ್ಯುದ್ಧ ಸೋತ ಗಣರಾಜ್ಯದ ಪಕ್ಷದವರು ಲಕ್ಷಗಟ್ಟಲೆ ಜನ ಗಡಿ ದಾಟಿ ಫ್ರಾನ್ಸಿಗೆ ಓಡಿದರು. ಮರುವರ್ಷ ಜರ್ಮನಿ ಫ್ರಾನ್ಸನ್ನು ಗೆದ್ದಾಗ ಅವರಲ್ಲಿ ಅನೇಕರು ನಾಜಿಗಳ ಕೈಗೆ ಸಿಕ್ಕರು. ಇವರು ನಮ್ಮವರಲ್ಲ ಎಂದು ಫ್ರಾಂಕೊ ಸರ್ಕಾರ ಕೈತೊಳೆದುಕೊಂಡಿತು. ದೇಶವಿಲ್ಲದವರ ಗುರುತಾದ ನೀಲಿ ತ್ರಿಕೋನವನ್ನು ಅಂಗಿಗೆ ಹೊಲಿದು, 7,000ಕ್ಕೂ ಹೆಚ್ಚು ಸ್ಪೇನಿಗರನ್ನು ಮೌಟ್‌ಹೌಸೆನ್‌ಗೆ ಕಳಿಸಿದರು. ಅಲ್ಲಿ ಕಲ್ಲಿನ ಕ್ವಾರಿಯಿಂದ ಮೇಲಕ್ಕೆ 186 ಮೆಟ್ಟಿಲು. ಬೆನ್ನ ಮೇಲೆ ಬಂಡೆ ಹೊತ್ತು ಹತ್ತಬೇಕು. ಹೋದವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನ ಮರಳಲಿಲ್ಲ. ಉಳಿದವರು ಒಬ್ಬರನ್ನೊಬ್ಬರು ಬಲ್ಲರು. ಯಾವ ಬ್ಯಾರಕ್, ಯಾವ ಗುಂಪು, ಪಕ್ಕದಲ್ಲಿ ಮಲಗಿದ್ದವರು ಯಾರು ಎಂದು ಎರಡು ಪ್ರಶ್ನೆ ಕೇಳಿದರೆ ಸಾಕು, ಕಳ್ಳ ಸಿಕ್ಕಿಬೀಳುತ್ತಾನೆ. ಬವೇರಿಯಾದ ಫ್ಲೋಸೆನ್‌ಬ್ಯುರ್ಗ್‌ನಲ್ಲಿ ಮತ್ತು ಅದರ ಉಪಶಿಬಿರಗಳಲ್ಲಿ ಸುಮಾರು ಒಂದು ಲಕ್ಷ ಕೈದಿಗಳಿದ್ದರು, ಸುಮಾರು 30,000 ಜನ ಸತ್ತರು. ಆದರೆ ಸ್ಪೇನಿಗರು ಬೆರಳೆಣಿಕೆಯಷ್ಟು. 'ನಿನ್ನನ್ನು ಅಲ್ಲಿ ನೋಡಿದ ನೆನಪಿಲ್ಲವಲ್ಲ' ಎನ್ನುವವರು ಬಾರ್ಸಿಲೋನಾದಲ್ಲಿ ಯಾರೂ ಇರಲಿಲ್ಲ.

ಮೂರನೆಯದು ಹೇಳುವ ಕಲೆ. ಶಿಬಿರದ ಎಸ್‌ಎಸ್ ಅಧಿಕಾರಿಯೊಬ್ಬನ ಜೊತೆ ಚದುರಂಗ ಆಡಿದ ಪ್ರಸಂಗವನ್ನು ಮಾರ್ಕೊ ಹೇಳುತ್ತಿದ್ದ. ಗೆದ್ದರೆ ಪ್ರಾಣಕ್ಕೆ ಕುತ್ತು, ಸೋತರೆ ಮಾನಕ್ಕೆ. ಗೆಲ್ಲುವುದೆಂದೇ ನಿಶ್ಚಯಿಸಿ ಗೆದ್ದನಂತೆ. ಒಂದು ಕ್ಷಣ ಇದನ್ನು ಹತ್ತಿರದಿಂದ ನೋಡಿ. ಇಬ್ಬರೇ ಪಾತ್ರಧಾರಿಗಳು, ನಡುವೆ ಒಂದು ಮಣೆ, ಕೊನೆಯಲ್ಲಿ ಒಂದು ನೀತಿ. ಯಕ್ಷಗಾನದ ಪ್ರಸಂಗಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಶಿಬಿರದಿಂದ ನಿಜವಾಗಿ ಬದುಕಿ ಬಂದವರ ಮಾತು ಹೀಗಿರುವುದಿಲ್ಲ. ಅವರ ನೆನಪಿನಲ್ಲಿ ಹಸಿವು, ಹೇನು, ಬೂಟು ಕಳೆದುಕೊಂಡ ಭಯ, ಪಕ್ಕದವನ ರೊಟ್ಟಿಯ ಮೇಲೆ ತಾನೇ ಕಣ್ಣು ಹಾಕಿದ ನಾಚಿಕೆ ಎಲ್ಲ ಕಲಸಿಹೋಗಿರುತ್ತದೆ. ತಾರೀಖು ತಪ್ಪುತ್ತಾರೆ, ನಡುವೆ ಮಾತು ನಿಲ್ಲಿಸುತ್ತಾರೆ, ಕೆಲವರು ಹೆಂಡತಿ ಮಕ್ಕಳಿಗೂ ಏನೂ ಹೇಳದೆ ಹೋಗಿಬಿಡುತ್ತಾರೆ. ಮಾರ್ಕೊನ ಕಥೆಯಲ್ಲಿ ಎಲ್ಲೂ ತೂತಿರಲಿಲ್ಲ. ಸಂಶಯ ಬರಬೇಕಾಗಿದ್ದದ್ದು ಅಲ್ಲೇ. ಆದರೆ ಜನ ಮೆಚ್ಚಿದ್ದೂ ಅದನ್ನೇ.

ಮೆಚ್ಚುವುದಕ್ಕೆ ಸ್ಪೇನಿಗೆ ಅದರದೇ ಕಾರಣವಿತ್ತು. ಫ್ರಾಂಕೊ ಸತ್ತ ಮೇಲೆ ಪ್ರಜಾಪ್ರಭುತ್ವ ಬಂದದ್ದು ಒಂದು ರೀತಿಯ ಮೌನದ ಒಪ್ಪಂದದ ಮೇಲೆ. 1977ರಲ್ಲಿ ಎಲ್ಲರಿಗೂ ಕ್ಷಮಾದಾನ, ಹಳೆಯದನ್ನು ಕೆದಕುವುದು ಬೇಡ ಎಂಬ ತಿಳಿವಳಿಕೆ. 2000ದ ಹೊತ್ತಿಗೆ ಮೊಮ್ಮಕ್ಕಳ ತಲೆಮಾರು ಎಚ್ಚೆತ್ತಿತು. ರಸ್ತೆ ಬದಿಯ ಸಾಮೂಹಿಕ ಗುಂಡಿಗಳನ್ನು ಅಗೆದು ಅಜ್ಜಂದಿರ ಮೂಳೆ ಹುಡುಕತೊಡಗಿದರು. 2007ರಲ್ಲಿ ಅದಕ್ಕೊಂದು ಕಾನೂನೂ ಬಂತು. ಇಷ್ಟು ಕಾಲ ಸುಮ್ಮನಿದ್ದ ದೇಶಕ್ಕೆ ತಾನು ಸುಮ್ಮನಿರಲಿಲ್ಲ, ಎದುರಿಸಿ ನಿಂತೆ ಎಂದು ಹೇಳಿಕೊಳ್ಳಲು ಒಬ್ಬ ಅಜ್ಜ ಬೇಕಿತ್ತು. ನಿಜವಾದ ಶಿಬಿರವಾಸಿಗಳು ಮುದುಕರಾಗಿದ್ದರು, ಬಳಲಿದ್ದರು, ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಕರೆದಲ್ಲಿಗೆ ಬರುವ, ಮೈಕು ಕೊಟ್ಟರೆ ಸಭೆಯನ್ನು ಹಿಡಿದು ನಿಲ್ಲಿಸುವ ಮಾರ್ಕೊ ಸಿಕ್ಕ. ಆತ ಹೊಸಬನೂ ಆಗಿರಲಿಲ್ಲ. 1978ರಲ್ಲಿ ಅರಾಜಕತಾವಾದಿ ಕಾರ್ಮಿಕ ಸಂಘಟನೆಯಾದ ಸಿಎನ್‌ಟಿಯ ಪ್ರಧಾನ ಕಾರ್ಯದರ್ಶಿಯಾಗಿದ್ದ. ಅದೇ ವರ್ಷ ಬಂದ ಪುಸ್ತಕವೊಂದರಲ್ಲಿ ಆತನ ಶಿಬಿರದ 'ಅನುಭವ'ವೂ ಅಚ್ಚಾಗಿತ್ತು. ಬೀಜ ಬಿದ್ದು ಕಾಲು ಶತಮಾನವಾಗಿತ್ತು, ಮಳೆ ಬಂದದ್ದು ಈಗ.

ಇದನ್ನು ಬಯಲಿಗೆಳೆದವರು ಬೆನಿಟೊ ಬೆರ್ಮೆಹೊ ಎಂಬ ಇತಿಹಾಸಕಾರ. ದೊಡ್ಡ ವಿಶ್ವವಿದ್ಯಾಲಯದ ಬೆಂಬಲವಿಲ್ಲದೆ, ಶಿಬಿರಗಳಿಗೆ ಹೋದ ಸ್ಪೇನಿಗರ ಹೆಸರುಗಳನ್ನು ಒಂದೊಂದಾಗಿ ಪಟ್ಟಿ ಮಾಡುತ್ತಿದ್ದವರು. ಅವರಿಗೆ ಮೊದಲು ಕಾಡಿದ್ದು ಸಣ್ಣ ವಿಷಯ. ಭಾಷಣದಲ್ಲಿ ಹರಿಯುವ ಮಾರ್ಕೊ, ಎದುರು ಕೂತು ಪ್ರಶ್ನೆ ಕೇಳಿದರೆ ಜಾರಿಕೊಳ್ಳುತ್ತಿದ್ದ. ಹಳೆಯ ಪುಸ್ತಕದಲ್ಲಿದ್ದ ಕಥೆಗೂ ಈಗಿನದಕ್ಕೂ ತಾಳೆಯಾಗುತ್ತಿರಲಿಲ್ಲ. ಬೆರ್ಮೆಹೊ ಬೇರೆ ಕೆಲಸಕ್ಕೆಂದು ಓದುತ್ತಿದ್ದ ಸ್ಪೇನಿನ ವಿದೇಶಾಂಗ ಇಲಾಖೆಯ ಹಳೆಯ ಕಡತಗಳಲ್ಲಿ ಉತ್ತರ ಸಿಕ್ಕಿತು. ಕೀಲ್‌ಗೆ ಕೆಲಸಕ್ಕೆ ಹೋದ ಮಾರ್ಕೊ ಎಂಬಾತ 1943ರಲ್ಲೇ ತಾಯ್ನಾಡಿಗೆ ಮರಳಿದ್ದ. 1945ರಲ್ಲಿ ಫ್ಲೋಸೆನ್‌ಬ್ಯುರ್ಗ್‌ನಲ್ಲಿ ಬಿಡುಗಡೆಯಾದವನು 1943ರಲ್ಲಿ ಬಾರ್ಸಿಲೋನಾದಲ್ಲಿ ಹೇಗಿರಲು ಸಾಧ್ಯ? ಆದರೂ ಅವರು ಪತ್ರಿಕೆಗೆ ಓಡಲಿಲ್ಲ, ಮೊದಲು ತಿಳಿಸಿದ್ದು ಸಂಘಕ್ಕೆ. ನೊಂದವರ ಸಂಘವನ್ನೇ ನೋಯಿಸುವ ಕೆಲಸವದು ಎಂಬ ಅಳುಕು ಅವರಿಗಿತ್ತು.

ಸಿಕ್ಕಿಬಿದ್ದ ಮೇಲೆ ಮಾರ್ಕೊ ಪದಕ ಹಿಂದಿರುಗಿಸಿದ, ಆದರೆ ತಲೆ ತಗ್ಗಿಸಲಿಲ್ಲ. ಸುಳ್ಳು ಹೇಳಿದ್ದು ಒಳ್ಳೆಯದಕ್ಕೆ, ಸಂತ್ರಸ್ತ ಎಂದು ಹೇಳಿಕೊಂಡಿದ್ದರಿಂದಲೇ ಜನ ಕೇಳಿದರು, ಶಿಬಿರಗಳ ಬಗ್ಗೆ ನಾನು ಹೇಳಿದ್ದರಲ್ಲಿ ಸುಳ್ಳೇನಿದೆ ಎಂಬುದು ಆತನ ವಾದ. ಮೇಲ್ನೋಟಕ್ಕೆ ಈ ವಾದಕ್ಕೆ ತೂಕವಿದೆ. ರೈಲು ನಿಜ, ನಾಯಿ ನಿಜ, ಮಕ್ಕಳು ಕಲಿತ ಪಾಠವೂ ಸುಳ್ಳಲ್ಲ. ಕಾದಂಬರಿಕಾರ ಮಾರಿಯೊ ವರ್ಗಾಸ್ ಯೋಸಾ ಕೂಡ ಆತನ ಕಟ್ಟುಗಾರಿಕೆಗೆ ಹೇಸಿಕೊಳ್ಳುತ್ತಲೇ ಬೆರಗಾಗಿ ಬರೆದರು. ಆದರೆ ಕಾದಂಬರಿ ಓದುವವನಿಗೆ ಅದು ಕಾದಂಬರಿ ಎಂದು ಗೊತ್ತಿರುತ್ತದೆ. ಸಾಕ್ಷಿಯ ಮಾತಿಗೆ ಇರುವ ಬಲವೆಲ್ಲ 'ನಾನು ಕಂಡೆ' ಎಂಬ ಎರಡೇ ಪದದಲ್ಲಿ. ಆ ಎರಡು ಪದ ಸುಳ್ಳಾದರೆ, ನಿಜ ಹೇಳಿದ ಪಕ್ಕದವರ ಮಾತಿಗೂ ಮಸಿ ಹತ್ತುತ್ತದೆ. ನಾಜಿ ಶಿಬಿರಗಳೇ ಕಟ್ಟುಕಥೆ ಎಂದು ವಾದಿಸುವವರು ಯುರೋಪಿನಲ್ಲಿ ಇಂದಿಗೂ ಇದ್ದಾರೆ. ಅಂಥವರಿಗೆ ಒಬ್ಬ ಮಾರ್ಕೊ ಸಿಕ್ಕರೆ ಹಬ್ಬ.

ನಮ್ಮಲ್ಲಿ ಬಡಾಯಿ ಕೊಚ್ಚುವವರನ್ನು ಕಂಡರೆ 'ಉತ್ತರನ ಪೌರುಷ ಒಲೆಯ ಮುಂದೆ' ಎನ್ನುತ್ತೇವೆ. ಮಾರ್ಕೊನ ಪ್ರಕರಣ ಓದುವಾಗ ನನಗೂ ಮೊದಲು ನೆನಪಾದದ್ದು ಅದೇ ಗಾದೆ. ಆದರೆ ಭಾರತದ ಕಥೆಯನ್ನು ಸ್ವಲ್ಪ ಮುಂದಕ್ಕೆ ಓದಿದರೆ ಉತ್ತರಕುಮಾರನಿಗೆ ನಾವು ಅನ್ಯಾಯ ಮಾಡಿದ್ದೇವೆ ಎನ್ನಿಸುತ್ತದೆ. ಹೆಂಗಸರ ಮುಂದೆ ಕೊಚ್ಚಿಕೊಂಡದ್ದು ಹೌದು, ಕೌರವ ಸೇನೆ ಕಂಡು ರಥದಿಂದ ಹಾರಿ ಓಡಿದ್ದೂ ಹೌದು. ಆದರೆ ಗೋವುಗಳು ಮರಳಿ ಬಂದ ಮೇಲೆ ಏನಾಯಿತು? ಮಗ ಗೆದ್ದನೆಂದು ವಿರಾಟರಾಜ ಊರಿಡೀ ತೋರಣ ಕಟ್ಟಿಸಿದ. ಜೊತೆಗೆ ಪಗಡೆ ಆಡುತ್ತಿದ್ದ ಕಂಕಭಟ್ಟ, ಬೃಹನ್ನಳೆ ಸಾರಥಿಯಾಗಿದ್ದ ಮೇಲೆ ಗೆಲುವೇನು ಆಶ್ಚರ್ಯ ಎಂದು ಬಿಡದೆ ಹೇಳಿದ್ದಕ್ಕೆ ರೇಗಿ, ದಾಳವನ್ನೇ ಅವನ ಮುಖಕ್ಕೆ ಎಸೆದ, ರಕ್ತ ಸುರಿಯಿತು. ಕಣದಲ್ಲಿ ಬೃಹನ್ನಳೆಯ ವೇಷದ ಅರ್ಜುನನೇ, ಗೆದ್ದವನು ನೀನೇ ಎಂದು ಹೇಳಿಬಿಡು ಎಂದಿದ್ದ. ವಿಜಯ ತಟ್ಟೆಯಲ್ಲಿ ಬಂದು ಕೂತಿತ್ತು. ಆಗ ಉತ್ತರ ತಂದೆಯ ಮುಂದೆ ನಿಂತು, ಗೆದ್ದದ್ದು ನಾನಲ್ಲ, ದೇವಪುತ್ರನೊಬ್ಬ ಬಂದು ಗೆದ್ದುಕೊಟ್ಟ ಎಂದುಬಿಟ್ಟ.

ಮಾರ್ಕೊ ದಾಟಿದ್ದು ಉತ್ತರ ದಾಟದ ಈ ಗೆರೆಯನ್ನು. ಇನ್ನೊಂದು ಮಾತು, ಈ ಕಥೆಯಲ್ಲಿ ನಮ್ಮ ಪಾತ್ರ ಉತ್ತರನದಲ್ಲ, ವಿರಾಟನದು. ಮಗನೇ ಗೆದ್ದಿರಬೇಕು ಎಂಬ ಹಂಬಲ ಇರುವಲ್ಲಿ ವಿಚಾರಿಸುವ ವ್ಯವಧಾನ ಇರುವುದಿಲ್ಲ, ಸಂಶಯ ಪಟ್ಟವನ ಮುಖಕ್ಕೆ ದಾಳ ಬೀಳುತ್ತದೆ.

ಸ್ಪೇನ್ ಒಂದೇ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಥಳೀಯ ನೀರು ಮಂಡಳಿಗೆ ಆರಿಸಿ ಬಂದ ಝೇವಿಯರ್ ಅಲ್ವಾರೆಜ್ ಎಂಬಾತ 2007ರಲ್ಲಿ, ತಾನು ಮಾಜಿ ಸೈನಿಕ, ದೇಶದ ಅತ್ಯುನ್ನತ ಶೌರ್ಯ ಪದಕ ಪಡೆದವನು ಎಂದು ಸಭೆಯಲ್ಲಿ ಹೇಳಿಕೊಂಡ. ಅಪ್ಪಟ ಸುಳ್ಳು. ಇಂಥವರನ್ನು ಶಿಕ್ಷಿಸಲೆಂದೇ ಇದ್ದ ಕಾನೂನಿನಡಿ ಮೊಕದ್ದಮೆ ನಡೆಯಿತು. 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಕಾನೂನನ್ನೇ ರದ್ದು ಮಾಡಿತು. ಬರೀ ಸುಳ್ಳು ಹೇಳಿದ್ದಕ್ಕೆ ಜೈಲಿಗೆ ಕಳಿಸಿದರೆ ವಾಕ್ ಸ್ವಾತಂತ್ರ್ಯ ಉಳಿಯುವುದಿಲ್ಲ ಎಂಬುದು ತೀರ್ಪಿನ ಸಾರ. ಮರುವರ್ಷ ಬಂದ ಹೊಸ ಕಾನೂನು, ಹಣ ಅಥವಾ ಬೇರೆ ಲಾಭ ಹೊಡೆಯಲು ಹೇಳಿದ ಸುಳ್ಳಿಗೆ ಮಾತ್ರ ಶಿಕ್ಷೆ ಎಂದಿತು.

ನಮ್ಮಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ 1972ರಲ್ಲಿ ಶುರುವಾದಾಗಿನಿಂದ ಈ ಪ್ರಶ್ನೆ ಬೆನ್ನು ಹತ್ತಿದೆ. ಜೈಲಿನ ದಾಖಲೆ ಸಿಗದವರು ಜೊತೆಯಲ್ಲಿ ಸೆರೆಯಲ್ಲಿದ್ದವರ ಪ್ರಮಾಣಪತ್ರ ತಂದರೂ ಪಿಂಚಣಿ ಕೊಡುವ ವ್ಯವಸ್ಥೆ ಅದರಲ್ಲಿದೆ. ಇದು ಬೇಕಾದದ್ದೇ. ಭೂಗತವಾಗಿ ಕೆಲಸ ಮಾಡಿದ ಹಳ್ಳಿಯ ಮುದುಕ ಅರ್ಧ ಶತಮಾನದ ಹಿಂದಿನ ಕಾಗದ ಎಲ್ಲಿಂದ ತಂದಾನು? ದೇಶಕ್ಕಾಗಿ ನೊಂದವರಿಂದ ಕ್ರಿಮಿನಲ್ ಮೊಕದ್ದಮೆಗೆ ಬೇಕಾದಷ್ಟು ಸಾಕ್ಷ್ಯ ಕೇಳಬಾರದು ಎಂದು ನಮ್ಮ ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು. ಆದರೆ ಅದೇ ಸಡಿಲದಲ್ಲಿ ನುಸುಳಿದವರೂ ಇದ್ದರು. ಹೈದರಾಬಾದ್ ವಿಮೋಚನಾ ಹೋರಾಟದ ಹೆಸರಿನಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಪಿಂಚಣಿ ಪಡೆದ ನಕಲಿ ಹೋರಾಟಗಾರರ ಪ್ರಕರಣ 2005ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಬೀದರ್, ಕಲಬುರಗಿ, ರಾಯಚೂರುಗಳೂ ಒಂದು ಕಾಲಕ್ಕೆ ಅದೇ ನಿಜಾಮನ ಸೀಮೆಯಲ್ಲಿದ್ದವು, ಆ ಹೋರಾಟದ ನೋವನ್ನು ಈ ಕಡೆಯ ಮನೆಗಳೂ ಬಲ್ಲವು. ಆದರೆ ನಕಲಿಗಳ ಸುದ್ದಿ ಬಂದಾಗೆಲ್ಲ ಮೊದಲು ಕಲೆಕ್ಟರ್ ಕಚೇರಿಯ ಮೆಟ್ಟಿಲು ಹತ್ತಬೇಕಾದವನು ಅಸಲಿ ಮುದುಕ. ಕಳ್ಳನ ದೆಸೆಯಿಂದ ಸಾಚಾ ಮನುಷ್ಯ ಮತ್ತೆ ಮತ್ತೆ ತನ್ನನ್ನು ಸಾಬೀತು ಮಾಡಬೇಕು.

ಹಾಗೆಂದು ಯಾರ ಮಾತನ್ನೂ ನಂಬದೆ ಕೂರಬೇಕಿಲ್ಲ. ಮೌಟ್‌ಹೌಸೆನ್‌ನಲ್ಲಿ ಫ್ರಾನ್ಸಿಸ್ಕೊ ಬೋಯ್ಶ್ ಎಂಬ ಸ್ಪೇನಿನ ಕೈದಿ ಶಿಬಿರದ ಫೋಟೊ ಕೋಣೆಯಲ್ಲಿ ಕೆಲಸಕ್ಕಿದ್ದ. ನಾಜಿಗಳು ತಾವೇ ತೆಗೆದ ಚಿತ್ರಗಳ ನೆಗೆಟಿವ್‌ಗಳನ್ನು ಆತ ಮತ್ತು ಗೆಳೆಯರು ಕದ್ದು ಕೂಡಿಟ್ಟರು. ಹೊರಗೆ ಕೂಲಿಗೆ ಹೋಗುತ್ತಿದ್ದ ಸ್ಪೇನಿನ ಎಳೆಯ ಹುಡುಗರು ಅವನ್ನು ಮೈಯಲ್ಲಿ ಅಡಗಿಸಿಕೊಂಡು ಒಯ್ದರು. ಊರಿನ ಅನ್ನಾ ಪಾಯಿಂಟ್ನರ್ ಎಂಬ ಹೆಂಗಸು ತನ್ನ ತೋಟದ ಗೋಡೆಯ ಸಂದಿಯಲ್ಲಿ ಬಚ್ಚಿಟ್ಟಳು. ಒಬ್ಬ ಕಾವಲುಗಾರನ ಕೈಗೆ ಸಿಕ್ಕಿದ್ದರೂ ಅಷ್ಟೂ ಜನ ಸಾಯುತ್ತಿದ್ದರು. 1946ರ ಜನವರಿಯಲ್ಲಿ ನ್ಯೂರೆಂಬರ್ಗ್ ನ್ಯಾಯಾಲಯದಲ್ಲಿ ಬೋಯ್ಶ್ ಆ ಚಿತ್ರಗಳನ್ನು ತೋರಿಸಿ ಸಾಕ್ಷಿ ಹೇಳಿದ. ಐದು ವರ್ಷದಲ್ಲಿ, ಮೂವತ್ತರ ಹರೆಯದಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಬೆರ್ಮೆಹೊ 2002ರಲ್ಲಿ ಒಂದು ಪುಸ್ತಕ ಬರೆದದ್ದು ಇದೇ ಬೋಯ್ಶ್ ಬಗ್ಗೆ. ನಿಜವಾದ ಸಾಕ್ಷಿ ಎಂದರೆ ಏನೆಂದು ವರ್ಷಗಟ್ಟಲೆ ಹತ್ತಿರದಿಂದ ನೋಡಿದ್ದವರಿಗೆ ಮಾರ್ಕೊನ ನಾಣ್ಯದ ಸದ್ದು ಬೇರೆಯಾಗಿ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಕಾದಂಬರಿಕಾರ ಹಾವಿಯೆರ್ ಸೆರ್ಕಾಸ್ ಮಾರ್ಕೊನ ಜೊತೆ ಗಂಟೆಗಟ್ಟಲೆ ಕೂತು, ಊರೂರು ಅಲೆದು ಪರಿಶೀಲಿಸಿ 2014ರಲ್ಲಿ 'ಎಲ್ ಇಂಪೋಸ್ತರ್' ಬರೆದರು. 2024ರಲ್ಲಿ ಸಿನಿಮಾ ಬಂತು, ಮಾರ್ಕೊನ ಪಾತ್ರ ಮಾಡಿದ ಎಡುವಾರ್ಡ್ ಫರ್ನಾಂಡೆಜ್‌ಗೆ ಸ್ಪೇನಿನ ಗೋಯಾ ಪ್ರಶಸ್ತಿಯೂ ಬಂತು. ಮಾರ್ಕೊ ಅದನ್ನು ನೋಡಲಿಲ್ಲ. 2022ರ ಮೇ ತಿಂಗಳಲ್ಲಿ, 101ನೇ ವಯಸ್ಸಿನಲ್ಲಿ ತೀರಿಕೊಂಡ, ಕೊನೆಯವರೆಗೂ ತನ್ನನ್ನು ಸಮರ್ಥಿಸಿಕೊಳ್ಳುತ್ತಲೇ.

ಆತನಲ್ಲಿ ಹೇಳಲು ನಿಜವಾದ ಕಥೆಯೂ ಒಂದಿತ್ತು. ತಾಯಿ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿದ್ದಾಗ ಹುಟ್ಟಿದ ಮಗು. ಯುದ್ಧ ಸೋತ ಊರಿನಲ್ಲಿ ಬೆಳೆದು, ಸೈನ್ಯ ತಪ್ಪಿಸಿಕೊಳ್ಳಲು ಶತ್ರುವಿನ ಹಡಗು ಕಟ್ಟೆಗೆ ಕೂಲಿಗೆ ಹೋದ ಹುಡುಗ. ಬಾಯಿಬಿಟ್ಟದ್ದಕ್ಕೆ ಜೈಲು ಕಂಡು, ಹೆದರಿ ಮನೆಗೆ ಬಂದು ಮೂವತ್ತು ವರ್ಷ ತುಟಿ ಬಿಚ್ಚದೆ ಸ್ಕೂಟರು, ಕಾರು ರಿಪೇರಿ ಮಾಡಿದ ಮನುಷ್ಯ. ಸ್ಪೇನಿನ ಬಹುಪಾಲು ಜನ ಆ ಕಾಲವನ್ನು ದಾಟಿದ್ದು ಹೀಗೇ. ಸರ್ವಾಧಿಕಾರದಡಿ ಸಾಮಾನ್ಯ ಮನುಷ್ಯ ಹೇಗೆ ಬದುಕುತ್ತಾನೆ, ಯಾವುದಕ್ಕೆ ಬಾಗುತ್ತಾನೆ ಎಂದು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಪಾಠ ಬೇಕಿರಲಿಲ್ಲ. ಆದರೆ ಹೆದರಿ ಸುಮ್ಮನಿದ್ದ ಮೆಕ್ಯಾನಿಕ್ ಒಬ್ಬನನ್ನು ಭಾಷಣಕ್ಕೆ ಕರೆಯುವ ಶಾಲೆ ಇರಲಿಲ್ಲ, ಸಂಸತ್ತಂತೂ ಇರಲೇ ಇಲ್ಲ. ಅದು ಮಾರ್ಕೊಗೆ ಚೆನ್ನಾಗಿ ಗೊತ್ತಿತ್ತು.